ಅಳಿಸಲಾಗದ ಸಾಲು

ಜ್ಞಾನಸ್ನಾನದ ದಾಖಲೆಯಲ್ಲಿ ಮುಂದೆ ವಿವಾಹವನ್ನೂ ನಮೂದಿಸಬೇಕೆಂಬುದು ಧರ್ಮಸಭೆಯ ಕಾನೂನು. ಪ್ರಿಯ ಓದುಗರೇ, ಆ ಒಂದು ಸಾಲನ್ನು ಯಾರಾದರೂ ಅಳಿಸಿದರೆ, ಮದುವೆಯಾದವನು ಮತ್ತೊಂದು ಧರ್ಮಕೇಂದ್ರದಲ್ಲಿ ಅವಿವಾಹಿತನೆಂದು ನಿಲ್ಲಬಲ್ಲನು.

ಕುರುಗೋಡಿನ ಸಿಂದ ಅರಸರ ಕಾಲದ ದಾನಗಳು ಕಲ್ಲಿನಲ್ಲಿವೆ. ತಿದ್ದಹೊರಟರೆ ಉಳಿಯೇಟಿನ ಗುರುತು ಕಾಣುತ್ತದೆ. ದಿನದ ಲೆಕ್ಕಕ್ಕೆ ಕಲ್ಲು ಒದಗದು. ಕನ್ನಡ ನಾಡಿನ ಶಾನುಭೋಗರು ಹುಣಿಸೆಬೀಜದ ಅಂಟಿನೊಡನೆ ಇದ್ದಿಲಪುಡಿ ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆದರು. ಒರೆಸಿ ಮತ್ತೆ ಬರೆಯಬಹುದೆಂಬ ಅನುಕೂಲವೇ ಅದರ ಅಪಾಯ.

ಪ್ರಾಚೀನರ ಮಸಿಯೂ ಹಾಗೆಯೇ: ಸಂಖ್ಯಾಕಾಂಡದ 5ನೆಯ ಅಧ್ಯಾಯದಲ್ಲಿ ಯಾಜಕನು ತಾನು ಬರೆದ ಶಾಪವನ್ನು ನೀರಿನಲ್ಲಿ ತೊಳೆಯುತ್ತಾನೆ. ಮಾಚಿಕಾಯಿಯ ಒಗರಿಗೆ ಅನ್ನಭೇದಿ ಬೆರೆಸಿದ ಶಾಯಿಯ ಗುಣವೇ ಬೇರೆ. ಬರೆದಾಗ ಮಸುಕಾಗಿದ್ದು, ಗಾಳಿ ತಗುಲಿದಂತೆ ಕಪ್ಪಾಗಿ, ಕಾಗದದ ನಾರನ್ನೇ ಕಚ್ಚಿ ಹಿಡಿಯುತ್ತದೆ. ಹೆರೆದರೆ ಕಾಗದವೇ ಸವೆದು ಮೋಸ ಬಯಲಾಗುತ್ತದೆ. ಫೌಂಟನ್ ಪೆನ್ನಿನ ಹಳೆಯ ನೀಲಿಗಪ್ಪು ‘ಪರ್ಮನೆಂಟ್’ ಶಾಯಿ ಇದರ ಸಂತತಿ. ಬ್ಲೀಚಿಗೆ ಮಾತ್ರ ಇದೂ ಸೋಲುತ್ತದೆಂಬುದನ್ನು ಮುಚ್ಚಿಡಲಾಗದು.

2009ರ ನೆರೆ ಸಿರುಗುಪ್ಪ ತಾಲ್ಲೂಕಿನ ಮನೆಗಳನ್ನು ಹೊಕ್ಕಿತು. ಅಂಥ ನೀರಿನಲ್ಲಿ ಶಾಲಾಮಕ್ಕಳ ಸಾದಾ ನೀಲಿ ಶಾಯಿ ಕರಗಿಹೋಗುತ್ತದೆ. ಮಾಚಿಕಾಯಿಯ ಅಕ್ಷರ ನಿಲ್ಲುತ್ತದೆ. 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಕ್ಷೇತ್ರದ ದಾಖಲೆಗಳನ್ನು ಬರೆಯುವವರು ಮೊದಲು ಸೀಸೆಯ ಚೀಟಿಯನ್ನು ಓದಿಕೊಳ್ಳಲಿ. ಹೆಸರು ತಪ್ಪಿದ್ದರೆ ಹೆರೆಯದೆ, ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ ಮಾಡಲಿ.