ಎಂಜಲು ಕೊಳಲು

ನಮ್ಮ ಊರುಗಳಲ್ಲಿ ಹಳೆಯದಾಯಿತೆಂದು ಮಾರಾಟವಾಗದೆ ಉಳಿಯುವ ವಸ್ತು ಬಹಳ ಕಡಿಮೆ. ಪರೀಕ್ಷೆ ಮುಗಿದ ಮಾರನೆಯ ದಿನವೇ ಏಳನೆಯ ಇಯತ್ತೆಯ ಪುಸ್ತಕಗಳು ಅರ್ಧ ಬೆಲೆಗೆ ಆರು ಮುಗಿಸಿದವರ ಕೈಸೇರುತ್ತವೆ. ಹಳೆಯ ಸೀರೆ, ಪ್ಯಾಂಟುಗಳಿಗೆ ಸ್ಟೀಲಿನ ಡಬ್ಬಿ ಕೊಡುವವಳು ಬಾಗಿಲಿಗೇ ಬರುತ್ತಾಳೆ. ತೂತುಬಿದ್ದ ತಾಮ್ರದ ಕೊಡಕ್ಕೆ ಗುಜರಿ ಅಂಗಡಿಯಿದೆ. ಆದರೆ ಯಾರೋ ಊದಿದ ಕೊಳಲನ್ನು ಕೊಂಡವರನ್ನು ನೀವು ನೋಡಿದ್ದೀರಾ? 2011ರ ಬೇಸಿಗೆಯಲ್ಲಿ ಬೀದರಿನ ನಮ್ಮ ಮನೆಯ ಪಡಸಾಲೆಯಲ್ಲಿ ಒಂಬತ್ತು ಹಳೆಯ ಕೊಳಲು ಹರಡಿಕೊಂಡು ಕೂತಾಗ ಈ ವ್ಯಾಪಾರದ ಕಷ್ಟ ನನಗೆ ತಿಳಿಯಿತು.

ಆ ಕೊಳಲುಗಳು ನಮ್ಮ ಕಾಕಾನವು. ಭಾಲ್ಕಿಯ ಅಡತ್ ಅಂಗಡಿಯೊಂದರಲ್ಲಿ ಅವನು ಮುನೀಮನಾಗಿದ್ದ. ಹಗಲೆಲ್ಲ ತೊಗರಿ, ಉದ್ದಿನ ಚೀಲಗಳ ಲೆಕ್ಕ. ರಾತ್ರಿ ಊಟವಾದ ಮೇಲೆ ಕೊಳಲು. ಪ್ರತಿವರ್ಷ ಶಿವರಾತ್ರಿಯ ಹೊತ್ತಿಗೆ ಔರಾದಿನ ಅಮರೇಶ್ವರ ಜಾತ್ರೆಗೆ ಹೋಗುತ್ತಿದ್ದ. ದನದ ಸಂತೆಗೆ ದೇವಣಿ ಎತ್ತು ನೋಡಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಅಲ್ಲಿ ಕೋಲಿಗೆ ಕೊಳಲು ಚುಚ್ಚಿಕೊಂಡು ತಿರುಗುವವನ ಹಿಂದೆ ಅಲೆಯುತ್ತಿದ್ದ. ಇಪ್ಪತ್ತು ಮೂವತ್ತು ಕೊಳಲು ಊದಿನೋಡಿ ಒಂದನ್ನು ತರುತ್ತಿದ್ದ. ಜಾತ್ರೆಯ ಕೊಳಲಿಗೆ ಕಾದ ಸಲಾಕೆಯಿಂದ ತೂತು ಸುಡುವಾಗ ನೋಟಕ್ಕೆ ಸಮನಾಗಿದ್ದರೆ ಸಾಕು, ಸ್ವರದ ಚಿಂತೆ ಯಾರಿಗೂ ಇರುವುದಿಲ್ಲ. ಕಾಕಾ ಮನೆಗೆ ಬಂದು, ಸ್ವರ ತಗ್ಗಿದ್ದ ಕಡೆ ತೂತನ್ನು ಸಣ್ಣ ಅರದಿಂದ ತುಸು ಹಿರಿದು ಮಾಡುತ್ತಿದ್ದ; ಏರಿದ್ದ ಕಡೆ ಜೇನುಮೇಣ ಹಚ್ಚಿ ಕಿರಿದು ಮಾಡುತ್ತಿದ್ದ. ಬಿರುಕು ಬಿಡದಂತೆ ಎರಡೂ ತುದಿಗೆ ದಾರ ಬಿಗಿದು ಸುತ್ತಿ, ಒಳಗೆ ಎಣ್ಣೆಯ ಬಟ್ಟೆ ಆಡಿಸಿ ಇಡುತ್ತಿದ್ದ. ನಮ್ಮ ಒಣಹವೆಗೆ ಬಿದಿರು ಉದ್ದಕ್ಕೆ ಸೀಳುವುದು ಬೇಗ.

1991ರಲ್ಲಿ ಕಾಕಾ ತೀರಿಕೊಂಡಾಗ ಆಯಿ ಅವನ ಕೊಳಲುಗಳನ್ನು ಒಲೆಗೆ ಹಾಕಲು ಹೇಳಿದಳು. "ಸತ್ತವನ ಎಂಜಲ ಮನ್ಯಾಗ ಯಾಕ?" ನಾನು ಅವನ್ನು ಟ್ರಂಕಿಗೆ ಹಾಕಿ ಬೀದರಿಗೆ ತಂದೆ. ನನಗೆ ಊದಲು ಬಾರದು. ಚಿಕ್ಕವಳಿದ್ದಾಗ ಕಲಿಯಲು ಕೇಳಿದರೆ, ಹೆಣ್ಣುಮಕ್ಕಳು ತುಟಿ ಮುಂದೆಮಾಡಿ ಊದಬಾರದು ಎಂದಿದ್ದರು. ತಮಿಳುನಾಡಿನ ಸಿಕ್ಕಿಲ್ ಸೋದರಿಯರು, ಕುಂಜುಮಣಿ ಮತ್ತು ನೀಲಾ, ಕೊಳಲಿನಲ್ಲೇ ಕಚೇರಿ ಮಾಡಿ ಹೆಸರಾಗಿದ್ದರೆಂದು ನನಗೆ ಗೊತ್ತಾದದ್ದು 2004ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ. ಅಷ್ಟರಲ್ಲಿ ನನ್ನ ಕೂದಲು ನೆರೆತಿತ್ತು.

ನಿವೃತ್ತಿಯ ಮರುವರ್ಷ, ಓಣಿಯ ಮಕ್ಕಳಿಗೆ ಕೊಳಲು ಕಲಿಸುತ್ತಿದ್ದ ಮಾಸ್ತರರೊಬ್ಬರು ಟ್ರಂಕು ತೆರೆಸಿ ನೋಡಿದರು. ಒಂದೊಂದನ್ನೂ ಬಿಸಿಲಿಗೆ ಹಿಡಿದು ಕಣ್ಣಿಟ್ಟು ಬಿರುಕು ಹುಡುಕಿದರು. ಕೆಳಗಿನ ಷಡ್ಜವೂ ಮೇಲಿನ ಷಡ್ಜವೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ಊದಿ ನೋಡಿದರು. "ಹೊಸದಕ್ಕಿಂತ ಇವೇ ಕಲಿಯೋರಿಗೆ ಚಲೋರಿ ಬಾಯಿ," ಎಂದರು. ಹೊಸದಾಗಿ ಕಲಿಯುವ ಹುಡುಗಿಗೆ ಸ್ವರ ತಪ್ಪಿದರೆ ದೋಷ ತನ್ನದೋ ಕೊಳಲಿನದೋ ಗೊತ್ತಾಗದು. ಒಬ್ಬರು ಊದಿ, ತಿದ್ದಿ, ಪಳಗಿಸಿದ ಬಿದಿರು ಸುಳ್ಳು ಹೇಳುವುದಿಲ್ಲ. ಅಳತೆಯೂ ಮುಖ್ಯ. ಪನ್ನಾಲಾಲ್ ಘೋಷ್ ಅವರು (1911-1960) ಹಿಂದೂಸ್ತಾನಿ ಕಚೇರಿಗೆ ತಂದ ಸುಮಾರು 32 ಇಂಚಿನ ಕೊಳಲು ಮಕ್ಕಳ ಬೆರಳಿಗೆ ಎಟುಕದು. ಕಾಕಾನವು ಒಂದೂವರೆ ಗೇಣಿನಿಂದ ಎರಡು ಗೇಣಿನೊಳಗೆ ಇದ್ದವು.

ಪುಕ್ಕಟೆ ಕೊಟ್ಟದ್ದು ಮೂಲೆಗೆ ಬೀಳುತ್ತದೆಂದು ಕಾಕಾ ಹೇಳುತ್ತಿದ್ದುದು ನೆನಪಾಗಿ, ಒಂದಕ್ಕೆ ಐವತ್ತು ರೂಪಾಯಿ ಇಟ್ಟೆ. ಬಂದ ತಾಯಂದಿರು ಬೆಲೆ ಕೇಳಲಿಲ್ಲ. ಮೊದಲು ಊದಿದವರು ಯಾರು ಎಂದು ಕೇಳಿದರು. ಇಬ್ಬರು, "ಎಂಜಲ ಆಗ್ತದಲ್ರಿ," ಎಂದು ಎದ್ದು ಹೋದರು.

ಅವರನ್ನು ನಾನು ಬೈಯಲಾರೆ. ನಮ್ಮೆಲ್ಲರ ಅಡುಗೆಮನೆಯ ಶಾಸ್ತ್ರ ಅದೇ. ಹಿತ್ತಾಳೆ, ತಾಮ್ರ ಮೈಲಿಗೆಯಾದರೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದರೆ ಶುದ್ಧ. ಮಣ್ಣಿನ ಗಡಿಗೆ ಮೈಲಿಗೆಯಾದರೆ ಒಡೆದು ಎಸೆಯಬೇಕು. ಉಸಿರನ್ನೂ ತೇವವನ್ನೂ ಹೀರುವ ಬಿದಿರು ಗಡಿಗೆಯ ಸಾಲಿಗೆ ಸೇರಿತು. ನಮ್ಮ ಬಿದರಿ ಕಸುಬನ್ನು ಜಗತ್ತಿಗೆ ತೋರಿಸಿದ ವಸ್ತುಗಳಲ್ಲಿ ಹುಕ್ಕಾದ ತಳಪಾತ್ರೆ ದೊಡ್ಡದು: ಸತು-ತಾಮ್ರದ ಎರಕ, ಕೋಟೆಯ ಮಣ್ಣು ಕೊಟ್ಟ ಕಪ್ಪು, ಅದರ ಮೇಲೆ ಬೆಳ್ಳಿಯ ಹೂಬಳ್ಳಿ. ಅದೇ ಹುಕ್ಕಾವನ್ನು ಬೈಠಕ್ಕಿನಲ್ಲಿ ಹಲವರು ಸೇದುವಾಗ ಬಾಯಿಗಿಡುವ ತುದಿಯನ್ನು ತಂತಮ್ಮದೇ ಇಟ್ಟುಕೊಳ್ಳುವವರಿದ್ದರು. ಉತ್ತರದ ಕಡೆ ಒಬ್ಬನನ್ನು ಜಾತಿಯಿಂದ ಹೊರಹಾಕಿದರೆ 'ಹುಕ್ಕಾ ಪಾನಿ ಬಂದ್' ಎನ್ನುತ್ತಾರೆ. ಬಾಯಿಯ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ. ನಮ್ಮ ಹಳ್ಳಿಗಳ ಚಹಾದಂಗಡಿಯಲ್ಲಿ ದಲಿತರಿಗೆಂದು ಬೇರೆ ಕಪ್ಪು ಇಟ್ಟದ್ದನ್ನು ನಾನೇ ಕಂಡಿದ್ದೇನೆ. ಇದೇ ಜಿಲ್ಲೆಯ ಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು, ಹಾಲಿಗೂ ಹೂವಿಗೂ ಎಂಜಲಿಲ್ಲವೇ ಎಂದು ಕೇಳಿ ಎಂಟು ನೂರು ವರ್ಷ ಕಳೆದಿದ್ದವು. ದೇವರ ಕೋಣೆಯಲ್ಲಿ ಕೃಷ್ಣನ ತುಟಿಯ ಕೊಳಲಿಗೆ ನಾವು ಹೂವು ಏರಿಸುತ್ತೇವೆ, ಅದು ಎಂಜಲಲ್ಲ.

ಬೇರೆ ದೇಶದಲ್ಲಿ ಊದಿದ ಕೊಳಲೇ ಒಂದು ಸಂಗೀತವನ್ನು ಸಾಕಿದ ಕಥೆಯನ್ನು ಮಾಸ್ತರರು ಹೇಳಿದರು. ಯುರೋಪಿನಲ್ಲೂ ಕೊಳಲು ಮೊದಲು ಮರದ್ದೇ. ಮ್ಯೂನಿಕ್ಕಿನ ಥಿಯೋಬಾಲ್ಡ್ ಬೋಮ್ 1847ರಲ್ಲಿ ಹೊಸ ಬಗೆಯ ಲೋಹದ ಕೊಳಲು ಮಾಡಿದ. ಪಟ್ಟಣದ ವಾದ್ಯಗಾರರು ಕ್ರಮೇಣ ಅದರತ್ತ ತಿರುಗಿದಂತೆ ಅವರ ಹಳೆಯ ಮರದ ಕೊಳಲುಗಳು ಅಗ್ಗವಾಗಿ ಮಾರಾಟಕ್ಕೆ ಬಂದು ಐರ್ಲೆಂಡಿನ ಹಳ್ಳಿಗರ ಕೈಗೂ ತಲುಪಿದವು. ಇಂದಿಗೂ ಅಲ್ಲಿಯ ಜನಪದ ಸಂಗೀತಗಾರರು ಆ ಮಾದರಿಯ ಮರದ ಕೊಳಲನ್ನೇ ಹೆಚ್ಚಾಗಿ ಊದುತ್ತಾರೆ.

ಇಷ್ಟು ತಿಳಿದೂ ನಾನು ಮಾಡಿದ ತಪ್ಪನ್ನು ಹೇಳಬೇಕು. ಒಂಬತ್ತರಲ್ಲಿ ಒಂದಕ್ಕೆ ಕೆಂಪು ದಾರ ಸುತ್ತಿತ್ತು. ಎಲ್ಲಕ್ಕಿಂತ ಹಳೆಯದು, ನಾದವೂ ಎಲ್ಲಕ್ಕಿಂತ ಇಂಪು. ಭಾಲ್ಕಿಯ ಮನೆಯಲ್ಲಿ ಉಳಿದ ಕೊಳಲುಗಳು ಗೂಡಿನಲ್ಲಿದ್ದರೆ ಇದೊಂದು ಮಾತ್ರ ದನದ ಕೊಟ್ಟಿಗೆಯ ಜಂತಿಯಲ್ಲಿ ಇರುತ್ತಿತ್ತು. ಕಾಕಾ ಅಲ್ಲೇ ಕೂತು ಅದನ್ನು ಊದುತ್ತಿದ್ದ. ಕಾರಣವನ್ನು ಅವ್ವ ಬಹಳ ವರ್ಷಗಳ ಮೇಲೆ ಹೇಳಿದಳು. 1948ರ ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಳ್ವಿಕೆ ಮುಗಿದ ನಂತರದ ವರ್ಷಗಳಲ್ಲಿ, ಔರಾದಿನ ಕಡೆ ಮದುವೆಯ ಬಾಜಾದಲ್ಲಿ ಸನಾದಿ ಊದುತ್ತಿದ್ದ ದಲಿತ ಕೇರಿಯ ಒಬ್ಬರಲ್ಲಿ ಕಾಕಾ ಗುಟ್ಟಾಗಿ ಕಲಿತಿದ್ದ. ಅವರು ತಮ್ಮ ಕೊಳಲನ್ನೇ ಅವನಿಗೆ ಕೊಟ್ಟಿದ್ದರು. ಆಯಿ ಅದನ್ನು ಹೊಸ್ತಿಲೊಳಗೆ ಬಿಡಲಿಲ್ಲ.

ಆ ಕೊಳಲನ್ನು ಆರಿಸಿಕೊಂಡದ್ದು ಔರಾದಿನಿಂದ ಬಂದಿದ್ದ ಹನ್ನೆರಡು ವರ್ಷದ ಹುಡುಗಿ. ಮುಟ್ಟಿದ್ದೇ ಅದು ನುಡಿಯಿತು. ತಾಯಿ ಕೇಳಿದಳು, "ಮೊದ್ಲ ಯಾರು ಊದ್ಯಾರ್ರಿ? ಯಾವ ಮಂದಿ?"

"ನಮ್ಮ ಕಾಕಾಂದು," ಎಂದೆ. ಸುಳ್ಳಲ್ಲ, ನಿಜವೂ ಅಲ್ಲ. ಹುಡುಗಿಯ ಕೈಯಿಂದ ಕೊಳಲು ಹೋಗದಿರಲಿ ಎಂದು ಹಾಗೆ ಹೇಳಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಆಯಿ ಆ ಕೊಳಲನ್ನು ಕೊಟ್ಟಿಗೆಯಲ್ಲಿ ಇಟ್ಟಿದ್ದಳು, ನಾನು ಅದರ ಒಡೆಯನನ್ನೇ ಅಳಿಸಿಹಾಕಿದ್ದೆ. ಯಾರದು ಹೆಚ್ಚಿನ ತಪ್ಪು?

2015ರಲ್ಲಿ ತಾಯಿ ಮಗಳು ಮತ್ತೆ ಬಂದರು. ಹುಡುಗಿಗೆ ಈಗ ಉದ್ದದ ಕೊಳಲು ಬಂದಿತ್ತು. ಚಿಕ್ಕದನ್ನು ಬೇರೆ ಮಕ್ಕಳಿಗೆ ಮಾರಿಕೊಡಿ ಎಂದು ತಂದಿದ್ದರು. "ಯಾರು ಊದಿದ್ದು ಅಂತ ಕೇಳಿದ್ರ ನಮ್ಮ ಹುಡುಗಿದು ಅಂತ ಹೇಳ್ರಿ," ಎಂದು ತಾಯಿ ಹೆಮ್ಮೆಯಿಂದ ಹೇಳಿದಳು. ಆಗ ನನಗೆ ತಡೆಯಲಾಗಲಿಲ್ಲ. ಕೊಟ್ಟಿಗೆಯ ಜಂತಿಯಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ.

ತಾಯಿ ಸುಮ್ಮನೆ ಕೂತಳು. ಮಾಡಿಕೊಟ್ಟಿದ್ದ ಚಹಾ ಆರಿತು. ಹುಡುಗಿ ಕೊಳಲಿನ ಕೆಂಪು ದಾರವನ್ನು ಬೆರಳಿನಿಂದ ಸವರುತ್ತ ಕೇಳಿದಳು, "ಅವರ ಹೆಸರೇನು ಅಜ್ಜಿ?"

ನನ್ನ ಬಳಿ ಉತ್ತರವಿರಲಿಲ್ಲ. ಕಾಕಾ 'ಉಸ್ತಾದ್' ಎನ್ನುತ್ತಿದ್ದ. ಆಯಿ 'ಅವ' ಎನ್ನುತ್ತಿದ್ದಳು. ನಲವತ್ತು ವರ್ಷ ಆ ಕೊಳಲು ನಮ್ಮ ಮನೆಯಲ್ಲಿತ್ತು, ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಕೇಳಬಹುದಾಗಿದ್ದ ಕಾಕಾ ಇಲ್ಲ, ಅವ್ವನೂ ಇಲ್ಲ.

ತಾಯಿ ಎದ್ದಳು. ಕೊಳಲನ್ನು ಸೆರಗಿನಿಂದ ಒರೆಸಿ ಚೀಲದೊಳಗಿಟ್ಟು, "ಮಾರೂದು ಬ್ಯಾಡ್ರಿ, ಮನ್ಯಾಗೇ ಇರ್ಲಿ," ಎಂದಳು.

ಉಳಿದ ಕೊಳಲುಗಳಲ್ಲಿ ಮೂರು ಇನ್ನೂ ನನ್ನ ಹತ್ತಿರ ಇವೆ. ಒಂದೊಂದಕ್ಕೂ ಚೀಟಿ ಕಟ್ಟಿದ್ದೇನೆ: ಎಲ್ಲಿ ಕೊಂಡದ್ದು, ಯಾರು ತಿದ್ದಿದ್ದು, ಯಾರು ಊದಿದ್ದು. ಕೊಳ್ಳುವವರು ಮೊದಲು ಚೀಟಿ ಓದುತ್ತಾರೆ. ಆಮೇಲೆ ಬೆಲೆ ಕೇಳುತ್ತಾರೆ, ಇಲ್ಲವೇ ಎದ್ದು ಹೋಗುತ್ತಾರೆ. ನಾನು ಈಗ ಅವಸರ ಮಾಡುವುದಿಲ್ಲ.