ನಾಯಿಗಳ ಹಸಿ ಆಹಾರ: ಪ್ರಮಾಣ ನಿಗದಿಪಡಿಸುವ ಕ್ರಮ ಹಾಗೂ ಪಾಲಿಸಬೇಕಾದ ಎಚ್ಚರಿಕೆಗಳು

1. ಪೀಠಿಕೆ

ಬೇಯಿಸದ ಮಾಂಸ, ಎಲುಬು ಮತ್ತು ಒಳ ಅಂಗಗಳನ್ನು ನಿರ್ದಿಷ್ಟ ಪ್ರಮಾಣದಲ್ಲಿ ಸೇರಿಸಿ ನಾಯಿಗೆ ನೀಡುವ ಕ್ರಮವನ್ನು ಹಸಿ ಆಹಾರ ಪದ್ಧತಿ ಎನ್ನಲಾಗುತ್ತದೆ. ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಅವರು 1993ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಪದ್ಧತಿಯು ಹೆಚ್ಚಿನ ಪ್ರಚಾರ ಪಡೆಯಿತು. ಆದರೆ ರೋಗಾಣುಗಳ ಅಪಾಯವನ್ನು ಪರಿಗಣಿಸಿ ಅಮೆರಿಕದ ಪಶುವೈದ್ಯಕೀಯ ಸಂಘವು ಹಸಿ ಮಾಂಸ ನೀಡುವುದನ್ನು ಪ್ರೋತ್ಸಾಹಿಸಬಾರದೆಂಬ ನಿಲುವನ್ನು 2012ರಲ್ಲಿ ಅಂಗೀಕರಿಸಿತು. ಆದ್ದರಿಂದ ಈ ಪದ್ಧತಿಯನ್ನು ಅನುಸರಿಸಲು ಇಚ್ಛಿಸುವವರು ಪಶುವೈದ್ಯರ ಸಲಹೆ ಪಡೆದ ನಂತರವೇ ಆರಂಭಿಸುವುದು ಸೂಕ್ತ.

2. ದಿನದ ಒಟ್ಟು ಪ್ರಮಾಣ

ವಯಸ್ಕ ನಾಯಿಗೆ ಅದರ ಆದರ್ಶ ತೂಕದ ಶೇ. 2ರಿಂದ 3ರಷ್ಟು ಆಹಾರವನ್ನು ದಿನವೊಂದಕ್ಕೆ ನೀಡುವುದು ರೂಢಿಯಲ್ಲಿರುವ ಲೆಕ್ಕ. ಬೊಜ್ಜು ಬೆಳೆದಿರುವ ನಾಯಿಗೆ ಈಗಿನ ತೂಕವನ್ನು ಆಧಾರವಾಗಿ ತೆಗೆದುಕೊಳ್ಳಬಾರದು. ಅದು ಇರಬೇಕಾದ ತೂಕವನ್ನೇ ಪರಿಗಣಿಸಬೇಕು. ಪ್ರತಿ ಕಿಲೋ ತೂಕಕ್ಕೆ ಸಣ್ಣ ನಾಯಿಗೆ ದೊಡ್ಡ ನಾಯಿಗಿಂತ ಹೆಚ್ಚು ಶಕ್ತಿ ಬೇಕಾಗುವುದರಿಂದ ಸಣ್ಣ ತಳಿಗಳಿಗೆ ಶೇ. 3ರ ಸಮೀಪದಿಂದಲೂ, ದೊಡ್ಡ ತಳಿಗಳಿಗೆ ಶೇ. 2ರ ಸಮೀಪದಿಂದಲೂ ಲೆಕ್ಕ ಆರಂಭಿಸಬಹುದು.

3. ಪಾಲುಗಳ ಹಂಚಿಕೆ

ಸಾಮಾನ್ಯವಾಗಿ ಅನುಸರಿಸುವ ಹಂಚಿಕೆ ಈ ಕೆಳಕಂಡಂತಿದೆ:

ಅ) ಮಾಂಸ: ಶೇ. 80
ಆ) ತಿನ್ನಲು ಯೋಗ್ಯವಾದ ಎಲುಬು: ಶೇ. 10
ಇ) ಯಕೃತ್ತು: ಶೇ. 5
ಈ) ಮೂತ್ರಪಿಂಡ, ಗುಲ್ಮ ಮುಂತಾದ ಇತರೆ ಅಂಗಗಳು: ಶೇ. 5

ಹೃದಯ ಮತ್ತು ಕೋಳಿಯ ಜಠರವನ್ನು ಮಾಂಸದ ಲೆಕ್ಕಕ್ಕೆ ಸೇರಿಸಬೇಕು. ಯಕೃತ್ತಿನಲ್ಲಿ ಎ ಜೀವಸತ್ವ ಅಧಿಕವಾಗಿರುವ ಕಾರಣ, ದೀರ್ಘಕಾಲ ಹೆಚ್ಚು ಪ್ರಮಾಣದಲ್ಲಿ ನೀಡಿದಲ್ಲಿ ಅದು ವಿಷಕಾರಿಯಾಗುತ್ತದೆ.

4. ಮಾದರಿ ಲೆಕ್ಕ

20 ಕಿ.ಗ್ರಾಂ ತೂಕದ ವಯಸ್ಕ ನಾಯಿಗೆ ಶೇ. 2.5ರಂತೆ ದಿನಕ್ಕೆ 500 ಗ್ರಾಂ ಆಹಾರ ಬೇಕಾಗುತ್ತದೆ. ಇದರಲ್ಲಿ ಮಾಂಸ 400 ಗ್ರಾಂ, ಎಲುಬು 50 ಗ್ರಾಂ, ಯಕೃತ್ತು 25 ಗ್ರಾಂ, ಇತರೆ ಅಂಗ 25 ಗ್ರಾಂ.

ಇಲ್ಲಿ 50 ಗ್ರಾಂ ಎಂದರೆ ಎಲುಬಿನ ತೂಕ ಮಾತ್ರ. ಎಲುಬಿಗೆ ಅಂಟಿದ ಮಾಂಸದ ತೂಕ ಇದರಲ್ಲಿ ಸೇರಿಲ್ಲ. ಚರ್ಮಸಹಿತವಾದ ಕೋಳಿಯ ಕತ್ತಿನಲ್ಲಿ ಎಲುಬಿನ ಪಾಲು ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಆದ್ದರಿಂದ 50 ಗ್ರಾಂ ಎಲುಬಿಗಾಗಿ ಸುಮಾರು 140 ಗ್ರಾಂ ಕತ್ತು ಬೇಕು. ಅದರೊಂದಿಗೆ ಬರುವ ಸುಮಾರು 90 ಗ್ರಾಂ ಮಾಂಸವನ್ನು 400 ಗ್ರಾಂನಿಂದ ಕಳೆದರೆ, ಎಲುಬಿಲ್ಲದ ಮಾಂಸ 310 ಗ್ರಾಂ ಸಾಕಾಗುತ್ತದೆ. ಒಂದು ವಾರದ ಖರೀದಿಗೆ ಕತ್ತು 980 ಗ್ರಾಂ, ಎಲುಬಿಲ್ಲದ ಮಾಂಸ 2,170 ಗ್ರಾಂ, ಯಕೃತ್ತು 175 ಗ್ರಾಂ ಮತ್ತು ಇತರೆ ಅಂಗ 175 ಗ್ರಾಂ, ಒಟ್ಟು 3,500 ಗ್ರಾಂ ಆಗುತ್ತದೆ.

ಮೇಲಿನ ಹಂಚಿಕೆಯು ಮಾತ್ರ ಪರಿಪೂರ್ಣ ಆಹಾರವಾಗುವುದಿಲ್ಲ. ಸತು, ಮ್ಯಾಂಗನೀಸ್, ಅಯೋಡಿನ್ ಹಾಗೂ ಡಿ ಮತ್ತು ಇ ಜೀವಸತ್ವಗಳ ಕೊರತೆ ಉಂಟಾಗಬಹುದಾದ್ದರಿಂದ ಪೂರಕ ಪೋಷಕಾಂಶಗಳ ಬಗ್ಗೆ ಪಶುವೈದ್ಯರನ್ನು ವಿಚಾರಿಸುವುದು.

5. ಮರಿಗಳ ವಿಷಯದಲ್ಲಿ

ಮರಿಗಳಿಗೆ ಎಲುಬಿಲ್ಲದ ಮಾಂಸವನ್ನೇ ನೀಡುತ್ತಾ ಬಂದಲ್ಲಿ ಸುಣ್ಣದಂಶದ ಕೊರತೆಯಿಂದ ಮೂಳೆಗಳು ದುರ್ಬಲಗೊಂಡು, ಕಾಲುಗಳು ಬಾಗಿ, ಮುರಿಯಲೂಬಹುದು. ದೊಡ್ಡ ತಳಿಯ ಮರಿಗಳಿಗೆ ಸುಣ್ಣದಂಶ ಅತಿಯಾದರೂ ಮೂಳೆಗಳ ಬೆಳವಣಿಗೆ ಕೆಡುತ್ತದೆ. ಆದ್ದರಿಂದ ಮನೆಯಲ್ಲಿ ಮಾಡಿದ ಲೆಕ್ಕದ ಮೇಲೆ ಮರಿಗಳಿಗೆ ಹಸಿ ಆಹಾರ ಆರಂಭಿಸಬಾರದು.

6. ಪ್ರಮಾಣದ ಪರಿಶೀಲನೆ

ಎರಡು ವಾರಗಳಿಗೊಮ್ಮೆ ನಾಯಿಯನ್ನು ತೂಗಿ ಬರೆದಿಡಬೇಕು. ಪಕ್ಕೆಲುಬುಗಳು ಕೈಗೆ ಸುಲಭವಾಗಿ ತಾಗುವಂತಿದ್ದು, ಮೇಲಿನಿಂದ ನೋಡಿದಾಗ ಸೊಂಟ ಕಾಣುವಂತಿದ್ದರೆ ಪ್ರಮಾಣ ಸರಿಯಿದೆ ಎಂದು ತಿಳಿಯಬಹುದು. ತೂಕ ಏರಿದಲ್ಲಿ ಅಥವಾ ಇಳಿದಲ್ಲಿ ಆಹಾರವನ್ನು ಶೇ. 10ರಷ್ಟು ಕಡಿಮೆ ಅಥವಾ ಹೆಚ್ಚು ಮಾಡಬಹುದು. ಮಲವು ಬಿಳಿಚಿಕೊಂಡು ಗಟ್ಟಿಯಾಗಿದ್ದರೆ ಎಲುಬು ಹೆಚ್ಚಾಗಿರುವ ಸೂಚನೆ. ಸಡಿಲವಾಗಿದ್ದರೆ ಒಳ ಅಂಗಗಳು ಹೆಚ್ಚಾಗಿರುವ ಸಾಧ್ಯತೆ ಇರುತ್ತದೆ.

7. ಕುಟುಂಬದ ಸುರಕ್ಷತೆ

ಕುರಿ, ಮೇಕೆ ಮತ್ತು ದನಗಳ ಯಕೃತ್ತು ಹಾಗೂ ಶ್ವಾಸಕೋಶದಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳು ಕಂಡುಬರುತ್ತವೆ. ಇವು ಹೈಡಾಟಿಡ್ ಗುಳ್ಳೆಗಳಾಗಿದ್ದಲ್ಲಿ, ಅವನ್ನು ತಿಂದ ನಾಯಿಯ ಕರುಳಿನಲ್ಲಿ ಸಣ್ಣ ಲಾಡಿಹುಳುಗಳು ಬೆಳೆದು, ಅವುಗಳ ಮೊಟ್ಟೆಗಳು ಮಲದ ಮೂಲಕ ಹೊರಬರುತ್ತವೆ. ನಾಯಿಯೊಂದಿಗೆ ಆಡುವ ಮಕ್ಕಳ ಕೈಗಳಿಂದ ಈ ಮೊಟ್ಟೆಗಳು ಹೊಟ್ಟೆ ಸೇರಿದಲ್ಲಿ, ಅವರ ಯಕೃತ್ತು ಅಥವಾ ಶ್ವಾಸಕೋಶದಲ್ಲಿ ಅದೇ ಗುಳ್ಳೆಗಳು ವರ್ಷಗಳ ಕಾಲ ನಿಧಾನವಾಗಿ ಬೆಳೆಯುತ್ತವೆ. ಸೋಂಕಿತ ನಾಯಿ ಮಾತ್ರ ಆರೋಗ್ಯವಾಗಿಯೇ ಕಾಣುತ್ತಿರುತ್ತದೆ. ಆದಕಾರಣ:

ಅ) ಗುಳ್ಳೆಗಳಿರುವ ಅಂಗಗಳನ್ನು ನಾಯಿಗೆ ಹಾಕಬಾರದು, ನಾಯಿಗಳಿಗೆ ಸಿಗದಂತೆ ಸುಡಬೇಕು ಅಥವಾ ಆಳವಾಗಿ ಹೂಳಬೇಕು.
ಆ) ಕುರಿ, ಮೇಕೆ, ದನಗಳ ಒಳ ಅಂಗಗಳನ್ನು ಅರ್ಧ ಗಂಟೆ ಚೆನ್ನಾಗಿ ಕುದಿಸಿಯೇ ನೀಡಬೇಕು.
ಇ) ಪಶುವೈದ್ಯರು ಸೂಚಿಸಿದ ಅವಧಿಗೆ ಲಾಡಿಹುಳುವಿನ ಔಷಧ ಕೊಡಿಸಬೇಕು.
ಈ) ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲಾ ಮುಂತಾದ ರೋಗಾಣುಗಳಿರಬಹುದು. ಶೈತ್ಯೀಕರಣದಿಂದ ಇವೆಲ್ಲವೂ ಸಾಯುವುದಿಲ್ಲ. ಮಾಂಸ ಮುಟ್ಟಿದ ನಂತರ ಕೈ, ಚಾಕು ಮತ್ತು ಪಾತ್ರೆಗಳನ್ನು ಸೋಪಿನಿಂದ ತೊಳೆಯಬೇಕು. ತಿಂದುಳಿದದ್ದನ್ನು ಅರ್ಧ ಗಂಟೆಯೊಳಗೆ ತೆಗೆಯಬೇಕು.
ಉ) ಬೇಯಿಸಿದ ಎಲುಬು ಚೂಪಾಗಿ ಸೀಳುವುದರಿಂದ ಎಂದಿಗೂ ನೀಡಬಾರದು.

8. ಬೇಯಿಸಿದ ಆಹಾರದ ಪರ್ಯಾಯ

ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವೃದ್ಧರು ಅಥವಾ ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಗಳಲ್ಲಿ ಬೇಯಿಸಿದ ಆಹಾರವೇ ಸೂಕ್ತ. ಎಲುಬಿಲ್ಲದ ಪ್ರತಿ 450 ಗ್ರಾಂ ಮಾಂಸಕ್ಕೆ, ಕುದಿಸಿ ಒಣಗಿಸಿ ನುಣ್ಣಗೆ ಪುಡಿ ಮಾಡಿದ ಮೊಟ್ಟೆ ಚಿಪ್ಪು ಸುಮಾರು ಅರ್ಧ ಟೀ ಚಮಚ, ಅಂದರೆ 3 ಗ್ರಾಂನಷ್ಟು ಸೇರಿಸಿದಲ್ಲಿ ವಯಸ್ಕ ನಾಯಿಗೆ ಎಲುಬಿನಿಂದ ದೊರೆಯುತ್ತಿದ್ದ ಸುಣ್ಣದಂಶವು ಬಹುಮಟ್ಟಿಗೆ ಭರ್ತಿಯಾಗುತ್ತದೆ.

9. ಪಶುವೈದ್ಯರ ಭೇಟಿಗೆ ತರಬೇಕಾದವು

ಸಾರ್ವಜನಿಕರು ಸಲಹೆಗಾಗಿ ಸಮೀಪದ ಪಶು ಆಸ್ಪತ್ರೆಗೆ ಬರುವಾಗ ನಾಯಿಯೊಂದಿಗೆ ಲಸಿಕೆಯ ವಿವರ, ಎರಡು ವಾರಗಳಲ್ಲಿ ನೀಡಿದ ಆಹಾರದ ತೂಕದ ಪಟ್ಟಿ, ಹಿಂದೆ ನೀಡಿದ ಜಂತುನಾಶಕದ ಹೆಸರು ಮತ್ತು ದಿನಾಂಕ, ಹಾಗೂ ಶುಭ್ರವಾದ ಡಬ್ಬಿಯಲ್ಲಿ ಅದೇ ದಿನದ ಮಲದ ಮಾದರಿಯನ್ನು ತರುವುದು. ಹುಳುವಿನ ಮೊಟ್ಟೆಗಳು ಪ್ರತಿ ಪರೀಕ್ಷೆಯಲ್ಲೂ ಕಾಣುವುದಿಲ್ಲವಾದ್ದರಿಂದ, ವರದಿಯಲ್ಲಿ ಏನೂ ಕಂಡುಬರದಿದ್ದರೂ ಜಂತುನಾಶಕವನ್ನು ನಿಲ್ಲಿಸಬಾರದು.