ಹಳೆಯ ಅಂಬಾಸಿಡರ್‌ ಕಾರಿನ ಡ್ರಮ್‌ ಬ್ರೇಕ್‌: ಮರುಜೋಡಣೆಯ ಕ್ರಮ

ಬ್ರಿಟನ್ನಿನ ಮಾರಿಸ್‌ ಆಕ್ಸ್‌ಫರ್ಡ್‌ ಮೂರನೆಯ ಸರಣಿಯ ಕಾರನ್ನು ಆಧರಿಸಿ ಹಿಂದೂಸ್ತಾನ್‌ ಮೋಟಾರ್ಸ್‌ ಸಂಸ್ಥೆಯು ರೂಪಿಸಿದ ಅಂಬಾಸಿಡರ್‌, ಪಶ್ಚಿಮ ಬಂಗಾಳದ ಉತ್ತರಪಾಡಾ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಇದರ ಹಳೆಯ ಮಾದರಿಗಳಲ್ಲಿ ನಾಲ್ಕೂ ಚಕ್ರಗಳಿಗೆ ಡ್ರಮ್‌ ಬ್ರೇಕ್‌ಗಳಿವೆ. ಆ ಕಾಲದ ಕಾರುಗಳಲ್ಲಿ ನಾಲ್ಕು ಚಕ್ರಗಳಿಗೂ ಬ್ರೇಕ್‌ ಎಣ್ಣೆಯ ಮಾರ್ಗ ಒಂದೇ ಆಗಿರುವುದರಿಂದ, ಒಂದು ಚಕ್ರದಲ್ಲಿ ಉಂಟಾದ ಸೋರಿಕೆಯು ಇಡೀ ಬ್ರೇಕ್‌ ವ್ಯವಸ್ಥೆಯನ್ನೇ ನಿಷ್ಕ್ರಿಯಗೊಳಿಸಬಲ್ಲದು. ಆದ್ದರಿಂದ ಬಿಚ್ಚಿದ ಬ್ರೇಕ್‌ನ ಮರುಜೋಡಣೆಯಲ್ಲಿ ಅವಸರ ಸಲ್ಲದು.

ರಚನೆ

ಮುಂದಿನ ಪ್ರತಿ ಚಕ್ರಕ್ಕೆ ಎರಡು ಸಿಲಿಂಡರ್‌ಗಳಿದ್ದು, ಒಂದೊಂದೂ ಒಂದು ಶೂವನ್ನು ತಳ್ಳುತ್ತದೆ. ಕಾರು ಮುಂದಕ್ಕೆ ಚಲಿಸುವಾಗ ತಿರುಗುವ ಡ್ರಮ್ಮು ಎರಡೂ ಶೂಗಳನ್ನು ತನ್ನತ್ತ ಸೆಳೆದುಕೊಳ್ಳುವುದರಿಂದ ಹಿಡಿತದ ಬಲ ಹೆಚ್ಚುತ್ತದೆ. ಹಿಂದಿನ ಚಕ್ರಗಳಲ್ಲಿ ಒಂದು ಶೂ ಮಾತ್ರ ಹೀಗೆ ವರ್ತಿಸುತ್ತದೆ. ಹ್ಯಾಂಡ್‌ ಬ್ರೇಕ್‌ ಕೂಡ ಹಿಂದಿನ ಶೂಗಳ ಮೇಲೆಯೇ ಕೆಲಸ ಮಾಡುತ್ತದೆ.

ಪೂರ್ವಸಿದ್ಧತೆ

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನೆಲದಲ್ಲೇ ಉಳಿಯುವ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಜಾಕ್‌ನಿಂದ ಎತ್ತಿದ ಮೇಲೆ ಭದ್ರವಾದ ಸ್ಟ್ಯಾಂಡ್‌ಗಳ ಮೇಲೆ ಕೂರಿಸಬೇಕು. ಜಾಕ್‌ ಒಂದನ್ನೇ ನಂಬುವುದು ಅಪಾಯಕರ. ಒಂದು ಬದಿಯ ಕೆಲಸ ಪೂರ್ಣಗೊಳ್ಳುವವರೆಗೆ ಇನ್ನೊಂದು ಬದಿಯನ್ನು ಬಿಚ್ಚದಿದ್ದರೆ, ಸ್ಪ್ರಿಂಗುಗಳ ಸ್ಥಾನ ತಿಳಿಯಲು ಅದೇ ಮಾದರಿಯಾಗುತ್ತದೆ.

ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆಯುಂಟು. ಇದರ ಧೂಳು ಶ್ವಾಸಕೋಶಕ್ಕೆ ಮಾರಕ. ಆದ್ದರಿಂದ ಧೂಳನ್ನು ಗಾಳಿ ಹಾಯಿಸಿ ಊದಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಬೇಕು.

ಡ್ರಮ್ಮಿನ ಒಳಮೈಯಲ್ಲಿ ಆಳವಾದ ಗೀರು ಅಥವಾ ಬಿರುಕು ಇದೆಯೇ ಎಂದು ಪರಿಶೀಲಿಸಬೇಕು. ಗೀರುಗಳನ್ನು ಲೇತ್‌ನಲ್ಲಿ ಸರಿಪಡಿಸಬಹುದಾದರೂ ಕೈಪಿಡಿ ಸೂಚಿಸುವ ಮಿತಿಯನ್ನು ಮೀರಬಾರದು. ಬಿರುಕು ಬಿಟ್ಟ ಡ್ರಮ್ಮನ್ನು ಬದಲಾಯಿಸಲೇಬೇಕು. ಎಣ್ಣೆ ಹೀರಿದ ಲೈನಿಂಗ್‌ ಎಷ್ಟು ತೊಳೆದರೂ ವಿಶ್ವಾಸಾರ್ಹವಲ್ಲ. ಶೂಗಳನ್ನು ಒಂದೇ ಆಕ್ಸಲ್‌ನ ಎರಡೂ ಚಕ್ರಗಳಿಗೆ ಒಟ್ಟಿಗೆ ಬದಲಾಯಿಸದಿದ್ದರೆ ಬ್ರೇಕ್‌ ಒತ್ತಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ.

ಜೋಡಣೆ

ಸಿಲಿಂಡರ್‌ನ ಒಳಮೈಯಲ್ಲಿ ತುಕ್ಕಿನ ಗುಳಿಗಳಿದ್ದರೆ ಹೊಸ ಸಿಲಿಂಡರ್‌ ಅಗತ್ಯ. ಒಳಮೈ ನುಣುಪಾಗಿದ್ದರೆ ರಬ್ಬರ್‌ ಕಪ್‌ಗಳನ್ನಷ್ಟೇ ಬದಲಾಯಿಸಬಹುದು. ಅವುಗಳಿಗೆ ಶುದ್ಧ ಬ್ರೇಕ್‌ ಎಣ್ಣೆಯನ್ನು ಮಾತ್ರ ಸವರಬೇಕು. ಇಂಜಿನ್‌ ಎಣ್ಣೆ ಅಥವಾ ಸಾಮಾನ್ಯ ಗ್ರೀಸ್‌ ತಗುಲಿದರೆ ರಬ್ಬರ್‌ ಉಬ್ಬಿ ಹಾಳಾಗುತ್ತದೆ.

ಬ್ಯಾಕ್‌ ಪ್ಲೇಟ್‌ನಲ್ಲಿ ಶೂ ಉಜ್ಜುವ ಉಬ್ಬುಗಳಿಗೆ ಶಾಖ ತಡೆಯುವ ಬ್ರೇಕ್‌ ಗ್ರೀಸನ್ನು ತೆಳುವಾಗಿ ಹಚ್ಚಬೇಕು. ಲೈನಿಂಗ್‌ಗೆ ಅದು ಸೋಕಬಾರದು. ಅಡ್ಜಸ್ಟರ್‌ಗಳನ್ನು ಪೂರ್ತಿ ಸಡಿಲಿಸಿ, ಸ್ಪ್ರಿಂಗುಗಳನ್ನು ಮೊದಲಿದ್ದ ರಂಧ್ರಗಳಿಗೇ ಸಿಕ್ಕಿಸಿ, ಶೂಗಳನ್ನು ಒಂದರ ನಂತರ ಒಂದರಂತೆ ಎಳೆದು ಕೂರಿಸಬೇಕು. ಸ್ಪ್ರಿಂಗ್‌ ಚಿಮ್ಮುವ ಸಂಭವವಿರುವುದರಿಂದ ಕಣ್ಣಿಗೆ ಕನ್ನಡಕ ಅವಶ್ಯ. ಮುಂದಿನ ಚಕ್ರದ ಪ್ರತಿ ಶೂವಿನಲ್ಲಿಯೂ ಪಿಸ್ಟನ್‌ ತಳ್ಳುವ ತುದಿಯಿಂದ ಆನಿಕೊಂಡ ತುದಿಯ ಕಡೆಗೆ ಡ್ರಮ್ಮು ತಿರುಗುವಂತಿರಬೇಕು. ಇದು ತಿರುವುಮುರುವಾದರೆ ಬ್ರೇಕ್‌ ಹಿಡಿದರೂ ದುರ್ಬಲವಾಗಿರುತ್ತದೆ.

ಡ್ರಮ್ಮು ಕೂರಿಸುವ ಮುನ್ನ ಬ್ರೇಕ್‌ ಪೆಡಲ್‌ ಒತ್ತಕೂಡದು, ಪಿಸ್ಟನ್‌ಗಳು ಹೊರಬರುತ್ತವೆ. ಡ್ರಮ್ಮು ಹಾಕಿದ ಬಳಿಕ ಚಕ್ರ ನಿಲ್ಲುವವರೆಗೆ ಅಡ್ಜಸ್ಟರ್‌ ಬಿಗಿಗೊಳಿಸಿ, ಪೆಡಲ್‌ ಒತ್ತಿ ಶೂಗಳನ್ನು ನಡುವಿಗೆ ತಂದು, ಚಕ್ರ ಸರಾಗವಾಗಿ ತಿರುಗುವವರೆಗೆ ಮತ್ತೆ ಸಡಿಲಿಸಬೇಕು. ಹ್ಯಾಂಡ್‌ ಬ್ರೇಕ್‌ ಕೇಬಲ್ಲನ್ನು ಬಿಗಿಗೊಳಿಸುವುದು ಇದರ ನಂತರವೇ.

ಗಾಳಿ ತೆಗೆಯುವುದು

ಸಿಲಿಂಡರ್‌ ಅಥವಾ ಪೈಪ್‌ ಬಿಚ್ಚಿದ್ದರೆ ಒಳಸೇರಿದ ಗಾಳಿಯನ್ನು ಹೊರಹಾಕಬೇಕು. ಮಾಸ್ಟರ್‌ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ ಆರಂಭಿಸುವುದು ವಾಡಿಕೆ. ಒಬ್ಬರು ಪೆಡಲ್‌ ಒತ್ತಿ ಹಿಡಿದಾಗ ಇನ್ನೊಬ್ಬರು ನಿಪ್ಪಲ್‌ ಸಡಿಲಿಸಿ, ಪೆಡಲ್‌ ಮೇಲೇಳುವ ಮುನ್ನವೇ ಬಿಗಿಗೊಳಿಸಬೇಕು. ಗುಳ್ಳೆಗಳು ನಿಲ್ಲುವವರೆಗೆ ಇದನ್ನು ಮುಂದುವರಿಸಿ, ಡಬ್ಬಿಯಲ್ಲಿ ಎಣ್ಣೆ ಬರಿದಾಗದಂತೆ ನೋಡಿಕೊಳ್ಳಬೇಕು.

ಬ್ರೇಕ್‌ ಎಣ್ಣೆ ತೇವಾಂಶವನ್ನು ಹೀರಿಕೊಳ್ಳುತ್ತದೆ. ಡಾಟ್‌ 3 ದರ್ಜೆಯ ಹೊಸ ಎಣ್ಣೆಯ ಕನಿಷ್ಠ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್‌. ತೇವ ಸೇರಿದಾಗ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಆಗುಂಬೆ, ಚಾರ್ಮಾಡಿಯಂತಹ ಘಾಟಿಗಳ ಇಳಿಜಾರಿನಲ್ಲಿ ಡ್ರಮ್ಮು ಕಾದು ಎಣ್ಣೆ ಕುದಿದರೆ ಪೆಡಲ್‌ ನೆಲಕ್ಕೆ ಕುಸಿಯುತ್ತದೆ. ತೆರೆದಿಟ್ಟ ಹಳೆಯ ಡಬ್ಬಿಯ ಎಣ್ಣೆಯನ್ನು ಬಳಸಬಾರದೆನ್ನುವುದು ಇದೇ ಕಾರಣಕ್ಕೆ.

ಪರೀಕ್ಷೆ

ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿದಾಗ ಅದು ಕೆಳಗಿಳಿಯಬಾರದು, ಚಕ್ರಗಳ ಬಳಿ ಜಿನುಗು ಕಾಣಬಾರದು. ಬಳಿಕ ನಿರ್ಜನ ಜಾಗದಲ್ಲಿ ನಿಧಾನವಾಗಿ ಓಡಿಸಿ ನೋಡಬೇಕು. ಹೊಸ ಲೈನಿಂಗ್‌ ಡ್ರಮ್ಮಿಗೆ ಹೊಂದಿಕೊಳ್ಳಲು ಕೆಲವು ನೂರು ಕಿಲೋಮೀಟರ್‌ಗಳು ಬೇಕು. ಆನಂತರ ಮತ್ತೊಮ್ಮೆ ಅಡ್ಜಸ್ಟ್‌ ಮಾಡುವುದು ಅನಿವಾರ್ಯ. ಅಲ್ಲಿಯವರೆಗೆ ಘಾಟಿ ಪ್ರಯಾಣವನ್ನು ಮುಂದೂಡುವುದೇ ಕ್ಷೇಮ.